ನಾನೇ ಕಿತ್ತ ಹಳೆಯ ದಾರಿ

ಸಿಂದಗಿಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ನಾನು ಕರ್ನಲ್‌ನ ಕೆಲಸ ಮಾಡುತ್ತೇನೆ. ಕಂಪ್ಯೂಟರಿನ ಎಲ್ಲ ಪ್ರೋಗ್ರಾಮುಗಳನ್ನೂ ಹೊತ್ತು ನಿಂತ ತಳಪಾಯವೇ ಕರ್ನಲ್. ಫೈಲಿಗೆ ಕೀಲಿ ಹಾಕಿಕೊಡು ಎಂದು ಪ್ರೋಗ್ರಾಮುಗಳು ಅದನ್ನು ಕೇಳುವ ಹಳೆಯ ದಾರಿಯೊಂದಿತ್ತು. ಈಗ ಹೊಸದು ಬಂದಿದೆ, ಹಳೆಯದರ ಉಸಾಬರಿ ಯಾಕೆ? ‘ಇದನ್ನು ಯಾರೂ ಬಳಸುತ್ತಿಲ್ಲ’ ಎಂದು ಜಂಬದಿಂದ ಬರೆದು, ಅದನ್ನು ತೆಗೆದುಹಾಕುವ ತಿದ್ದುಪಡಿ ಕಳಿಸಿದೆ. ಒಪ್ಪಿಗೆಯೂ ಆಯಿತು.

ಬಳಸುವವರು ಬಸವನಬಾಗೇವಾಡಿಯಲ್ಲಿದ್ದರು. ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಅಕ್ಕೋರು.

“ತಮ್ಮಾ, ಕಂಪ್ಯೂಟರ್ ಅಪ್‌ಡೇಟ್ ಆತು. ನೀ ಹಾಕಿಕೊಟ್ಟ ಕೀಲಿ ಈಗ ತೆರೀವಲ್ದು” ಎಂದು ಫೋನ್ ಮಾಡಿದರು. ಕಾಲೇಜಿನ ದಿನಗಳಲ್ಲಿ, ಆ ಹಳೆಯ ದಾರಿಯಿಂದಲೇ ಕೀಲಿ ಹಾಕುವ ಪ್ರೋಗ್ರಾಮನ್ನು ಅವರಿಗೆ ಬರೆದುಕೊಟ್ಟವನೂ ನಾನೇ, ಅದನ್ನು ಮರೆತ ಗೂಬೆಯೂ ನಾನೇ.

ಆ ಕೀಲಿಯೊಳಗಿದ್ದದ್ದು ಅಕ್ಕೋರು ರೆಕಾರ್ಡ್ ಮಾಡಿಟ್ಟ, ಮಸೂತಿ, ಇಂಗಳೇಶ್ವರ ಹಳ್ಳಿಗಳ ಹೆಂಗಸರ ಬೀಸುವ ಪದಗಳು. ಬೀಸುಕಲ್ಲಿನ ಮುಂದೆ ಅತ್ತೆಯನ್ನು, ಗಂಡನನ್ನು ಬೈದು, ಅತ್ತು ಹಾಡಿಕೊಂಡಂಥವು. ತಮ್ಮ ಮನೆಯ ಗಂಡಸರ ಕಿವಿಗೆ ಬೀಳಬಾರದೆಂಬ ಕರಾರಿನ ಮೇಲೆ ಅವರು ದನಿ ಕೊಟ್ಟಿದ್ದರು. ಬಹಳ ಮಂದಿ ಈಗಿಲ್ಲ. ಬೇರೆ ಪ್ರತಿಯೂ ಇಲ್ಲ, ಡಿಸ್ಕಿಗೂ ವಯಸ್ಸಾಗಿತ್ತು.

ಹಳೆಯ ಕರ್ನಲನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಸ್ ಹತ್ತಿದೆ. ನಾನು ಕಿತ್ತ ಹಳೆಯ ದಾರಿಯ ಕೋಡಿನ ಸಾಲುಗಳನ್ನು ಮೊದಲ ಸಲ ಪೂರ್ತಿ ಓದಿದ್ದು ಆ ಬಸ್ಸಿನಲ್ಲೇ. ಬರೆದವರು ಯಾರೋ, ಎಲ್ಲಿಯವರೋ, ಮಸೂತಿಯ ಹೆಸರನ್ನೇ ಕೇಳಿರಲಿಕ್ಕಿಲ್ಲ. ಆದರೂ ಈ ಹೆಂಗಸರ ಗುಟ್ಟನ್ನು ಇಷ್ಟು ವರ್ಷ ಚೂರೂ ಸೋರದಂತೆ ಕಾದಿದ್ದರು. ಕೈ ಮುಗಿಯೋಣವೆಂದರೆ ಯಾವ ದಿಕ್ಕಿಗೆಂದು ಗೊತ್ತಿರಲಿಲ್ಲ.

ಅಕ್ಕೋರ ಕಂಪ್ಯೂಟರಿನಲ್ಲಿ ಹಳೆಯ ಕರ್ನಲ್ ಎದ್ದು ನಿಂತಿತು. ಅಕ್ಕೋರು ನನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಪಾಸ್‌ವರ್ಡ್ ಒತ್ತಿದರು. ಕೀಲಿ ತೆರೆಯಿತು. ಎಲ್ಲವನ್ನೂ ಹೊಸ ಡಿಸ್ಕಿಗೆ, ಹೊಸ ದಾರಿಯ ಕೀಲಿಗೆ ಸಾಗಿಸುತ್ತಿದ್ದಾಗ ಪಟ್ಟಿಯಲ್ಲಿ ಒಂದು ಹೆಸರು ಕಂಡು ನನ್ನ ಕೈ ನಿಂತಿತು. ತೀರಿಕೊಂಡ ನನ್ನ ಅವ್ವನ ಹೆಸರು. ಮಸೂತಿ ಅವಳ ತವರು, ಆದರೆ ಅವಳು ಹಾಡಿದ್ದೇ ನನಗೆ ಗೊತ್ತಿರಲಿಲ್ಲ.

“ಅಕ್ಕೋರ, ಒಂದ ಸಲ ಕೇಳ್ಲೇನ್ರಿ?”

“ನಿಮ್ಮವ್ವಗ ಮಾತ ಕೊಟ್ಟೇನಿ. ನೀನೂ ಆ ಮನಿ ಗಂಡಸ ಅಲ್ಲೇನು?”

ಕೀಲಿ ತೆರೆದೇ ಇತ್ತು, ಒಂದು ಗುಂಡಿ ಒತ್ತಿದ್ದರೆ ಕೇಳಬಹುದಿತ್ತು. ಎದ್ದು ಕುರ್ಚಿಯನ್ನು ಅಕ್ಕೋರಿಗೆ ಬಿಟ್ಟುಕೊಟ್ಟೆ.

ಸಾಗಿಸಿದ್ದು ಸರಿಯಾಗಿದೆಯೇ ಎಂದು ನೋಡಲು ಅಕ್ಕೋರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವ್ವನ ಪದವನ್ನೇ ಹಚ್ಚಿದರು. ಕೇಳುತ್ತ ಕೇಳುತ್ತ ಒಮ್ಮೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಎಲ್ಲಾ ಐತಿ. ಒಂದಕ್ಷರ ಹೋಗಿಲ್ಲ” ಎಂದರು.

ಪದ ಮುಗಿಯುವವರೆಗೂ ನಾನು ಅವರ ಮುಖವನ್ನೇ ನೋಡುತ್ತ ಕುಳಿತಿದ್ದೆ.