ಕೆಂದಿ ಬದುವಿನ ಮೇಲೆ ಮೇಯಲಿಲ್ಲ

ರಮ್ಯಾ, ಗಿರೀಶ — ನಿಮ್ಮ ಹಾಲಜ್ಜಿಯ ಕಣ್ಣು ಕೆಟ್ಟ ಕಣ್ಣಲ್ಲ. ಅವರಿಗೆ ಆ ಹೆಸರು ಬಂದದ್ದು ನನ್ನಿಂದ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಹಸು ಸತ್ತಿತು. ಕೊಂದವಳು ನಾನು. ಬೇಕೆಂದು ಕೊಲ್ಲಲಿಲ್ಲ — ಆದರೆ ಹೇಗೆ ಸತ್ತಿತೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ತಪ್ಪು ಹಾಲಜ್ಜಿಯ ಮೇಲೆ ಹೋಯಿತು. ಹೋಗಲು ಬಿಟ್ಟೆ.

ಇದನ್ನು ನಿಮ್ಮನ್ನೆಲ್ಲ ಕೂರಿಸಿಕೊಂಡು ಹೇಳಬೇಕಿತ್ತು. ನಾಲ್ಕು ಜನ ಎದುರಿಗಿದ್ದರೆ ನನಗೆ ನಾಲಿಗೆ ಏಳುವುದಿಲ್ಲ, ನಿಮಗೆ ಗೊತ್ತು. ಶಾಲೆಯಲ್ಲೂ ಹಾಗೇ ಇದ್ದೆ. ಮೇಷ್ಟರು ಪ್ರಶ್ನೆ ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈ ವಯಸ್ಸಿನಲ್ಲೂ ಅದನ್ನೇ ಮಾಡುತ್ತಿದ್ದೇನೆ.

ನನ್ನ ತವರು ತರೀಕೆರೆ ಕಡೆಯದು, ಕೆರೆಯ ಕೆಳಗಿನ ಊರು. ಎಲ್ಲಿ ನೋಡಿದರೂ ಭತ್ತದ ಗದ್ದೆ. ನಿಮ್ಮ ತಾತನ ಊರು ಅಜ್ಜಂಪುರದಲ್ಲಿ ಬಸ್ಸಿಳಿದು ನಡೆಯಬೇಕಾದ ಊರು, ಕಪ್ಪು ನೆಲದ ಊರು. ಜೋಳ, ಕಡಲೆ, ಈರುಳ್ಳಿ. ಮದುವೆಯಾಗಿ ಬಂದಾಗ ನನಗೆ ಜೋಳದ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಕೈಯಿಂದ ಎತ್ತಿದರೆ ಹರಿದು ಎರಡಾಗುತ್ತಿತ್ತು. ಅತ್ತೆ, “ಗದ್ದೆ ಊರೋರು, ಅನ್ನ ಉಣ್ಣಕ್ಕೆ ಗೊತ್ತು ಅಷ್ಟೇಯ” ಅನ್ನುತ್ತಿದ್ದರು. ಕೆಟ್ಟವರಲ್ಲ ಅವರು. ಆದರೆ ದಿನಕ್ಕೊಮ್ಮೆಯಾದರೂ ಆ ಮಾತು ಬರುತ್ತಿತ್ತು, ಬಂದಾಗಲೆಲ್ಲ ನಾನು ಒಂದಿಷ್ಟು ಕುಗ್ಗುತ್ತಿದ್ದೆ.

ಹರಿದ ರೊಟ್ಟಿಯನ್ನು ಕಾಣದ ಹಾಗೆ ತಾವೇ ತಿಂದುಬಿಡುತ್ತಿದ್ದವರು ಹಾಲಮ್ಮಕ್ಕ. ನಿಮ್ಮ ತಾತನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದಿದ್ದರು. ನೀವು ಕಂಡ ಹಾಲಜ್ಜಿ ನೆಲ ನೋಡಿಕೊಂಡು ಮಾತಾಡುವವರು — “ಅಜ್ಜಿ ತನ್ನ ಕಾಲ್ಬೆರಳ ಜೊತೆ ಮಾತಾಡ್ತಾರೆ” ಎಂದು ಗಿರೀಶ ಚಿಕ್ಕವನಿದ್ದಾಗ ಅಣಕಿಸುತ್ತಿದ್ದನಲ್ಲ. ನಾನು ಕಂಡ ಹಾಲಮ್ಮಕ್ಕ ಬೇರೆ. ಎದುರಿಗಿದ್ದವರ ಮುಖವನ್ನು ಕಣ್ಣರಳಿಸಿ ನೋಡಿ ನಗುವವರು. ಹೊಲದ ದಾರಿಯಲ್ಲಿ ಪ್ರತಿಯೊಂದನ್ನೂ ನಿಂತು ನೋಡುವವರು. “ಸರೋಜೀ, ಇಲ್ ನೋಡೇ, ಬೇವು ಹೆಂಗ್ ಹೂ ಬಿಟ್ಟೈತೆ. ನೋಡೇ, ಆ ಕುರಿ ಹೆಂಗ್ ನಿಂತವೆ” — ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಡಗೆ ನಿಲ್ಲುತ್ತವೆ. ನನಗೆ ತೋರಿಸಿಕೊಟ್ಟವರು ಅವರು. ಹಸಿ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ, ನನ್ನ ಬಾಯಿಗೆ ಹಾಕುತ್ತಿದ್ದರು. ಆ ಬಿಸಿ ಕಾಳಿನ ಹಾಲು ನಾಲಿಗೆಯ ಮೇಲೆ ಒಡೆಯುವುದು... ಈಗ ಹಲ್ಲಿಲ್ಲ, ಆದರೂ ಬಾಯಿಗೆ ಅದು ನೆನಪಿದೆ.

ಜೋಳ ಕೊಯ್ಯುವಾಗ ಅವರೇ ನನಗೆ ಹೇಳಿದ್ದರು. ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡಕ್ಕೆ ಕೂಳೆ ಎನ್ನುತ್ತಾರೆ. ನೀರು ಸೋಕಿದರೆ ಅದು ಮತ್ತೆ ಚಿಗುರುತ್ತದೆ. “ಮುಂದೆ ಒಂದ್ ಹನಿ ಬಿದ್ರೆ ಇದು ಚಿಗುರ್ತದೆ. ಕೂಳೆ ತಾವ ಮಾತ್ರ ದನ ಬಿಟ್ಟೀಯ, ಜ್ವಾಕೆ.”

ನಾನು ನಕ್ಕೆ. “ನಮ್ಮೂರಲ್ಲಿ ಕೂಳೆ ಮೇಯ್ದ ಹಸುನೇ ಅಕ್ಕ ಜಾಸ್ತಿ ಹಾಲು ಕೊಡೋದು.”

“ನಿಮ್ಮೂರ ಕೂಳೆ ಬ್ಯಾರೆ, ನಮ್ಮೂರ ಕೂಳೆ ಬ್ಯಾರೆ ಕಣೇ, ಗದ್ದೆ ರಾಣಿ!”

ಅವರು ಅಂದರೆ ನನಗೆ ನೋವಾಗುತ್ತಿರಲಿಲ್ಲ. ಆದರೆ ಮಾತು ತಮಾಷೆಯಲ್ಲೇ ಕಳೆದುಹೋಯಿತು. ನನ್ನ ತಲೆಯಲ್ಲಿ ಕೂಳೆ ಎಂದರೆ ಗದ್ದೆಯ ಕೂಳೆಯೇ — ಸುಗ್ಗಿ ಮುಗಿದ ಮೇಲೆ ಊರ ದನವೆಲ್ಲ ಇಳಿದು ಮೇಯುವ, ಒದ್ದೆ ನೆಲದ ಎಳೆ ಹಸಿರು.

ಆ ವರ್ಷ ಶಿವರಾತ್ರಿ ಕಳೆದ ಕೂಡಲೇ ಒಂದು ಸಣ್ಣ ಮಳೆ ಬಂತು. ಧೂಳು ಅಡಗಿಸುವಷ್ಟು. ಆಮೇಲೆ ಯುಗಾದಿ ದಾಟಿದರೂ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಬಿಸಿಗಾಳಿ. ಕಪ್ಪು ನೆಲ ಬಿರುಕು ಬಿಟ್ಟು, ಬಿರುಕಿನಲ್ಲಿ ಕಾಲು ಇಳಿಯುತ್ತಿತ್ತು. ಮಾವಿನ ಮಿಡಿಗಳು ಗಾಳಿಗೆ ಉದುರಿ ಮರದ ಕೆಳಗೆ ಗೋಲಿಯ ಹಾಗೆ ಬಿದ್ದಿರುತ್ತಿದ್ದವು. ಕೋಳಿಗಳು ಬಾಯಿ ತೆರೆದುಕೊಂಡು ರೆಕ್ಕೆ ಅಗಲಿಸಿ ಕೂರುತ್ತಿದ್ದವು. ಬೇಸಾಯದ ಎತ್ತುಗಳಿಗೇ ಜೋಳದ ಒಣ ಸೊಪ್ಪೆ ಸಾಲದು. ಹಾಲು ಕರೆಯುವ ಹಸುಗಳೆಲ್ಲ ಬತ್ತುತ್ತಾ ಬಂದವು.

ನಮ್ಮ ಕೆಂದಿ ಮಾತ್ರ ಹೊಸದಾಗಿ ಕರು ಹಾಕಿತ್ತು. ಕೆಂಪು ಹಸು, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಆ ಮನೆಯಲ್ಲಿ ನಾನು ಸರಿಯಾಗಿ ಮಾಡುತ್ತಿದ್ದ ಒಂದೇ ಕೆಲಸ ಅದು. ಅಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಹಾಲಮ್ಮಕ್ಕ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. “ಅಬ್ಬಬ್ಬ! ಈ ಬಿಸ್ಲಾಗೂ ಏನ್ ಕೆಚ್ಚಲೇ ಇದು, ನೆಲ ಮುಟ್ತದಲ್ಲೇ!”

ಅತ್ತೆ ಒಳಗಿನಿಂದಲೇ ಕೂಗಿದರು. “ಥೂ ಅನ್ನೇ ಹಾಲೀ! ಹಂಗೆಲ್ಲ ಬಾಯ್ ಬಿಟ್ಟು ಅಂತಾರೇನೇ?”

ಹಾಲಮ್ಮಕ್ಕ ನಗುತ್ತಾ, “ಥೂ ಥೂ” ಅಂದರು. ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ಹೊಗಳಿಕೆ ನನಗೇ ಅಂದುಕೊಂಡೆ. ನಾಳೆ ಇನ್ನೂ ಹೆಚ್ಚು ಹಾಲು ಕರೆದು ತೋರಿಸಬೇಕು ಅನ್ನಿಸಿತು.

ಮಧ್ಯಾಹ್ನ ಕೆಂದಿಯನ್ನು ಹೊಡೆದುಕೊಂಡು ಹೊಲಕ್ಕೆ ಹೋದೆ. ಎಂದಿನಂತೆ ಬದುವಿನ ಮೇಲೆ ಬಿಡಬೇಕು. ಬದುವಿನಲ್ಲಿ ಏನಿತ್ತು? ಕಡ್ಡಿ. ಕೆಂದಿ ಮೂಸಿ ತಲೆಯೆತ್ತಿತು. ಆಚೆ ಜೋಳದ ಹೊಲದಲ್ಲಿ, ಆ ಸಣ್ಣ ಮಳೆಗೆ ಚಿಗುರಿದ ಕೂಳೆ ಬಿಸಿಲಿಗೆ ಬೆಳೆಯಲಾರದೆ ಗೇಣುದ್ದಕ್ಕೇ ನಿಂತು ಬಾಡುತ್ತಿತ್ತು. ಆದರೂ ಹಸಿರು. ಕಣ್ಣು ಹಾಯುವಷ್ಟು ದೂರದಲ್ಲಿ ಅದೊಂದೇ ಹಸಿರು. ಅಕ್ಕನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಹುಲ್ಲು ಹುಲ್ಲೇ ಅಲ್ಲವೇ, ಇವರಿಗೇನು ಗೊತ್ತು ಹಸಿರಿನ ಬೆಲೆ ಅಂದುಕೊಂಡೆ — ನಮ್ಮೂರಿನ ಜಂಬ. ಹಗ್ಗ ಸಡಿಲ ಬಿಟ್ಟೆ.

ಎಷ್ಟು ಆಸೆಯಿಂದ ತಿಂದಿತು ಆ ಹಸು...

ಮನೆಗೆ ಬರುವಷ್ಟರಲ್ಲಿ ಅದರ ಕಾಲು ತಡವರಿಸುತ್ತಿತ್ತು. ಕೊಟ್ಟಿಗೆಯ ಮುಂದೆ ಕುಸಿಯಿತು. ಬಾಯಲ್ಲಿ ನೊರೆ, ಪಕ್ಕೆ ತಿದಿಯ ಹಾಗೆ ಏಳುತ್ತಿತ್ತು. ಮಾವ ಓಡಿಬಂದರು. ಅದರ ಬಾಯಿ ಬಿಡಿಸಿ ನೋಡಿ ನನ್ನನ್ನು ಕೇಳಿದರು.

“ಏನಮ್ಮಾ, ಎಲ್ ಮೇಯ್ತು ಹಸ?”

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯ ಬಾಯಲ್ಲಿ ಬರಲಿರುವ ಮಾತು ಕಿವಿಗೆ ಮೊದಲೇ ಕೇಳಿಸಿತು — ಗದ್ದೆ ಊರೋಳು, ಗದ್ದೆ ಊರೋಳು.

“ಬದಿನ ಮ್ಯಾಲೆ ಮಾವ” ಅಂದೆ.

ಅಷ್ಟೇ. ಜೀವಮಾನದಲ್ಲಿ ನಾನು ತಡವರಿಸದೆ ಹೇಳಿದ ಮಾತು ಅದೊಂದೇ ಇರಬೇಕು.

ಬದುವಿನ ಮೇಲೆ ಮೇಯ್ದ ಹಸು ಹೀಗೇಕೆ ಬೀಳುತ್ತದೆ? ಅತ್ತೆಗೆ ಬೆಳಗಿನದು ನೆನಪಾಯಿತು. “ಕಣ್ತುಂಬ ನೋಡಿ ಬಾಯ್ತುಂಬ ಅಂದ್ಲಲ್ಲಪ್ಪ!” ಉಪ್ಪು, ಒಣಮೆಣಸಿನಕಾಯಿ ತಂದು ಕೆಂದಿಗೆ ನಿವಾಳಿಸಿ ಒಲೆಗೆ ಹಾಕಿದರು. “ನೋಡ್ರಿ, ಘಾಟೇ ಬರ್ಲಿಲ್ಲ! ಬಿದ್ದಿರಾದು ಕಣ್ಣೇಯ.” ನನಗೆ ಘಾಟು ಬಂದಿತ್ತು. ಮೂಗು, ಕಣ್ಣು ಉರಿಯುತ್ತಿತ್ತು. ಅದನ್ನೂ ಹೇಳಲಿಲ್ಲ. ಒಲೆ ಆರುವ ಮೊದಲೇ ಕೆಂದಿ ಕಾಲು ನೀಡಿತು.

ಹಾಲಮ್ಮಕ್ಕ ಗೋಡೆಗೆ ಒರಗಿ ನಿಂತಿದ್ದರು. ಒಂದು ಸಲ ನನ್ನ ಮುಖ ನೋಡಿದರು. ಕೇಳಿದ್ದರೆ ನಾನು ಹೇಳುತ್ತಿದ್ದೆನೋ — ಇಲ್ಲ, ಹೇಳುತ್ತಿರಲಿಲ್ಲ.

ಇನ್ನೊಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಎತ್ತು ಕೂಳೆ ಮೇಯ್ದು ಬಿತ್ತು. ಅವರು ಕೂಗಿಕೊಂಡ ಕೂಡಲೇ ಮಾವ ಬೆಲ್ಲ ಕದಡಿದ ನೀರನ್ನು ಬಿದಿರ ಗೊಟ್ಟದಲ್ಲಿ ಅದರ ಗಂಟಲಿಗೆ ಇಳಿಸಿದರು, ಮತ್ತೆ ಮತ್ತೆ. ಬಿಸಿಲಿಗೆ ಬಾಡಿದ ಜೋಳದ ಚಿಗುರಿನಲ್ಲಿ ವಿಷ ಇರುತ್ತದಂತೆ, ಬೆಲ್ಲ ಅದನ್ನು ಮುರಿಯುತ್ತದಂತೆ. ಎತ್ತು ಎದ್ದು ನಿಂತಿತು. ನಾನು ಚೆಂಬು ಹಿಡಿದು ಪಕ್ಕದಲ್ಲೇ ಇದ್ದೆ. ಅಂದರೆ ಕೆಂದಿಯೂ ಉಳಿಯುತ್ತಿತ್ತೇನೋ. ಕೂಳೆ ಅನ್ನುವ ಒಂದು ಮಾತು ಅಂದಿದ್ದರೆ. ಮನೆಯಲ್ಲಿ ಬೆಲ್ಲ ಇತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ಯಾರೂ ಜಗಳ ಮಾಡಿ ಮಾಡಲಿಲ್ಲ. ಸುಮ್ಮನೆ ಆಯಿತು. ಹಸು ಕರು ಹಾಕುವಾಗ ಹಾಲಮ್ಮಕ್ಕನಿಗೆ ಎಲ್ಲಾದರೂ ಒಂದು ಕೆಲಸ ಹೇಳಿ ಕಳಿಸುತ್ತಿದ್ದರು. ಕಣದಲ್ಲಿ ರಾಶಿ ಮಾಡುವಾಗ ಅವರನ್ನು ಕರೆಯುತ್ತಿರಲಿಲ್ಲ. ನಿಮ್ಮಪ್ಪ ಹುಟ್ಟಿದಾಗ ಹೊಸಿಲಾಚೆಯಿಂದ, “ಹೆಂಗವ್ನೇ ಸರೋಜೀ? ಯಾರಂಗವ್ನೇ?” ಎಂದು ಕೇಳಿದರು. ಒಳಗೆ ಬನ್ನಿ ಅನ್ನಲು ನನಗೆ ಧೈರ್ಯವಿರಲಿಲ್ಲ. “ನಿಮ್ಮಂಗೇ ಅವ್ನೆ ಅಕ್ಕ” ಅಂದೆ. ಅವರು ಅಲ್ಲಿಂದಲೇ ಹೊರಟುಹೋದರು. ಹೀಗೆ ನೋಡಿ ನೋಡಿ ನಗುತ್ತಿದ್ದವರು ನೆಲ ನೋಡುವವರಾದರು.

ಈಗಿನ ಮಾತಿಗೆ ಬರುತ್ತೇನೆ. ರಮ್ಯಾ, ನಿನ್ನ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಹಾಲಜ್ಜಿ ಆ ಬಿಸಿಲಿನಲ್ಲಿ ಊರಿನಿಂದ ಬಸ್ಸು ಹಿಡಿದು ಕಡೂರಿಗೆ ಬಂದರು. ಅವರು ಬಾಗಿಲಿಗೆ ಬಂದ ಕೂಡಲೇ ನೀನು ಮಗುವಿನ ಮುಖದ ಮೇಲೆ ಸೆರಗು ಎಳೆದೆ. ನಿನ್ನದೇನೂ ತಪ್ಪಿಲ್ಲ, ನಿಮ್ಮಮ್ಮ ಹೇಳಿಕೊಟ್ಟದ್ದು. ಅವಳಿಗೆ ಹೇಳಿಕೊಟ್ಟವರು ನನ್ನ ಅತ್ತೆ. ಹಾಲಜ್ಜಿ ತೊಟ್ಟಿಲ ಹತ್ತಿರ ಬರಲೇ ಇಲ್ಲ. ಮಗುವಿನ ಕುಲಾವಿಯನ್ನು ನನ್ನ ಕೈಗಿಟ್ಟು, ಊಟ ಮಾಡಿ ಹೋದರು. ಆ ಕುಲಾವಿ ಅವರೇ ಹೊಲಿದದ್ದು, ಕೈಹೊಲಿಗೆ. ಈ ವಯಸ್ಸಿನಲ್ಲಿ.

ಆ ವಾರವೇ ನಾನು ಊರಿಗೆ ಹೋಗಿ ಬಂದೆನಲ್ಲ, ತೆಂಗಿನಕಾಯಿ ತರಲು ಎಂದಿದ್ದೆನಲ್ಲ — ಅದಕ್ಕಲ್ಲ ಹೋಗಿದ್ದು. ಹಾಲಜ್ಜಿ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತೆ. ನಾನೂ ನಾಲ್ಕು ಹಣ್ಣು ಜಜ್ಜಿದೆ. ಆಮೇಲೆ ಹೇಳಿದೆ. “ಅಕ್ಕ, ಕೆಂದಿ ಕೂಳೆ ತಿಂದಿತ್ತು. ನಾನೇ ಬಿಟ್ಟಿದ್ದೆ. ಬದಿನ ಮ್ಯಾಲೆ ಅಂತ ಸುಳ್ಳು ಹೇಳ್ದೆ.”

ಬೈಯುತ್ತಾರೆ ಅಂದುಕೊಂಡಿದ್ದೆ. ಅಳುತ್ತಾರೇನೋ ಎಂದೂ. ಅವರು ಬೀಜ ಬಿಡಿಸುತ್ತಲೇ ಇದ್ದರು.

“ಹೋಗೇ. ನನ್ ಮನಸ್ಸಿಗೆ ಬ್ಯಾಸ್ರ ಆಗ್ಬಾರ್ದು ಅಂತ ಹಂಗಂತೀಯ.”

“ಇಲ್ಲ ಅಕ್ಕ, ಮಗೀನ ಮ್ಯಾಲಾಣೆ.”

“ಮಗೀನ ಮ್ಯಾಲೆ ಆಣೆ ಇಕ್ಬ್ಯಾಡ!” ಎಂದು ಗದರಿದರು. ಆಮೇಲೆ ಮೆಲ್ಲಗೆ, “ಕೆಂದಿ ಒಂದೇ ಆಗಿದ್ರೆ ನಾನೂ ಬಿಡು ಅಂತಿದ್ದೆ. ಹಿತ್ಲ ತೆಂಗು ನೋಡಿ, ಈ ಸಲ ಚೆಂದಾಗಿ ಮಿಡಿ ಹರಳು ಕಟ್ಟೈತೆ ಅಂದೆ. ಅಷ್ಟೂ ಉದುರೋಯ್ತು. ತಮ್ಮನ ಕುರಿಮರಿ ನೋಡ್ದೆ, ಎಲ್ಡು ದಿನ ಉಳೀಲಿಲ್ಲ. ಮಾವಿನ ಹೂವ ನೋಡ್ದೆ...”

“ಅದು ಬಿಸ್ಲು ಅಕ್ಕ. ಬ್ಯಾಸ್ಗೇಲಿ ಹರಳು ಉದುರ್ತವೆ, ಮರಿ ಸಾಯ್ತವೆ. ನೀವು ನೋಡ್ದೇ ಇದ್ದಿದ್ದೂ ಸತ್ತವೆ.”

“ನೋಡ್ದೇ ಇದ್ದಿದ್ದು ನಂಗ್ ಹೆಂಗ್ ಗೊತ್ತಾಗ್ಬೇಕು ಕಣೇ?” ಅಂದರು. ಹಾಗೆ ಅಂದು ನಕ್ಕರು. ನೆಲ ನೋಡಿಕೊಂಡೇ ನಕ್ಕರು.

ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಇಷ್ಟು ವರ್ಷ ಬಂದ ಒಂದೊಂದು ಬಿಸಿಲಿಗೂ, ಒಣಗಿದ ಒಂದೊಂದು ಗಿಡಕ್ಕೂ ಅವರು ತಮ್ಮ ಕಣ್ಣನ್ನೇ ಕಾರಣ ಮಾಡಿಕೊಂಡು ಬದುಕಿದ್ದಾರೆ. ಸುಳ್ಳು ಹೇಳಿದವಳು ಈಗ ನಿಜ ಹೇಳಿದರೆ ಅದೇ ಸುಳ್ಳಿನ ಹಾಗೆ ಕೇಳಿಸುತ್ತದೆ. ಬಸ್ಸಿನಲ್ಲಿ ಬರುವಾಗ ಅನ್ನಿಸಿತು — ನನ್ನ ಮಾತಿನಿಂದ ಇದು ಹೋಗುವುದಿಲ್ಲ. ನನ್ನ ಮಾತಿಗೆ ಅಷ್ಟು ಬಲ ಇದ್ದದ್ದು ಒಂದೇ ಸಲ.

ಆದ್ದರಿಂದ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ರಮ್ಯಾ, ಗಿರೀಶನನ್ನು ಕರೆದುಕೊಂಡು ಊರಿಗೆ ಹೋಗು. ಬಿಸಿಲು ಏರುವ ಮೊದಲು ಹೊರಡಿ. ಮಗುವಿನ ಮುಖದ ಮೇಲೆ ಬಟ್ಟೆ ಬೇಡ, ಕೆನ್ನೆಗೆ ಕಪ್ಪು ಬೊಟ್ಟು ಬೇಡ. ಅವರ ತೊಡೆಯ ಮೇಲೆ ಮಲಗಿಸಿ, ನೀನು ಆಚೆ ಹೋಗಿ ಕೂತುಕೋ. ಅವರು ನೋಡುವುದಿಲ್ಲ ಅನ್ನುತ್ತಾರೆ, ಮುಖ ತಿರುಗಿಸುತ್ತಾರೆ. ಕಾದಿರು. ಮಗು ಕೈ ಆಡಿಸಿದರೆ ನೋಡದೆ ಇರಲು ಅವರಿಂದ ಆಗುವುದಿಲ್ಲ, ಆ ಹೆಂಗಸು ನನಗೆ ಗೊತ್ತು. ಕಣ್ತುಂಬ ನೋಡಲಿ. ಬಾಯ್ತುಂಬ ಅನ್ನಲಿ.

ಬಂದ ಮೇಲೆ ಮಗುವಿಗೆ ಮೈ ಬಿಸಿಯಾದರೂ ಆಗಬಹುದು. ಈ ಬೇಸಿಗೆಯಲ್ಲಿ ಯಾವ ಮಗುವಿಗೆ ಆಗುವುದಿಲ್ಲ? ಬೆವರುಸಾಲೆ ಏಳಬಹುದು, ಹಾಲು ಕಕ್ಕಬಹುದು. ಆಗ ಮನೆಯಲ್ಲಿ ಯಾರಾದರೊಬ್ಬರು ಉಪ್ಪು, ಮೆಣಸಿನಕಾಯಿ ತರಲು ಏಳುತ್ತಾರೆ. ನಾನು ಇದ್ದರೆ ಅವರ ಎದುರು ನಿಂತು ಹೇಳುತ್ತೇನೆ, ನಾಲಿಗೆ ತಡವರಿಸಿದರೂ ಹೇಳುತ್ತೇನೆ. ನಾನು ಇಲ್ಲದಿದ್ದರೆ ನೀವು ಇದನ್ನು ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿ. ಅದಕ್ಕಾಗಿಯೇ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ.