ಠಾಣೆ ಬಂದಾಗ ಎದ್ದವರು

ಬಿ.ಎ. ಕೊನೆಯ ವರ್ಷದಲ್ಲಿ ನಮ್ಮ ಮನಶ್ಶಾಸ್ತ್ರ ವಿಭಾಗದವರು ಒಂದು ಆಸೆ ಹುಟ್ಟಿಸಿದರು. ಒಂದು ಪೇಪರಿನ ಬದಲು ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಬರೆಯಬಹುದು, ಆದರೆ ಅವಕಾಶ ಒಬ್ಬರಿಗೆ ಮಾತ್ರ. ಅರ್ಜಿಯ ಜೊತೆಗೆ ಒಂದು ವಾರ ಏನನ್ನಾದರೂ ಗಮನಿಸಿ ಬರೆದದ್ದನ್ನೂ ಕೊಡಬೇಕು, ಆಮೇಲೆ ಸಂದರ್ಶನ. ಕ್ಲಾಸಿನಲ್ಲಿ ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡುವವರೆಲ್ಲ ಕಾಲೇಜಿದ್ದ ಠಾಣೆ ಊರಿನ ಹುಡುಗಿಯರು. ನಾನು ಡೊಂಬಿವಲಿಯಿಂದ ಲೋಕಲ್‌ನಲ್ಲಿ ಹಿಂಡಿಸಿಕೊಂಡು ಬರುವವಳು. ಆ ಜಾಗ ನನಗೇ ಬೇಕು ಎಂದು ಹಟ ಹಿಡಿದೆ. ನಮ್ಮ ಮನೆಯಲ್ಲಿ ಹಟ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ.

ವಿಷಯಕ್ಕಾಗಿ ದೂರ ಹುಡುಕಬೇಕಾಗಲಿಲ್ಲ. ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿದ್ದ ಚಿಕ್ಕಮ್ಮ ಮುಂಬಯಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ದಿನಾ ಬೆಳಿಗ್ಗೆ ಒಂದೇ ಗಾಡಿ, ಒಂದೇ ಲೇಡೀಸ್ ಡಬ್ಬ, ಅದೇ ಹೆಂಗಸರ ಗ್ರೂಪು. ಗಾಡಿ ಕಲ್ಯಾಣದಿಂದ ಹೊರಡುತ್ತದೆಯಾದ್ದರಿಂದ ಅಲ್ಲಿ ಹತ್ತುವವರಿಗೆ ಸೀಟು ಸಿಗುತ್ತದೆ. ಡೊಂಬಿವಲಿಯವರಿಗೆ ಎರಡು ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಗ್ರೂಪಿನಲ್ಲೊಂದು ಕಟ್ಟಳೆ: ಠಾಣೆ ಬಂದ ಕೂಡಲೇ ಕೂತವರು ಏಳಬೇಕು, ನಿಂತವರು ಕೂರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಬೀನ್ಸ್ ಮುರಿಯುತ್ತಿದ್ದವಳು ಬೀನ್ಸ್ ಸಮೇತ ಎದ್ದು ನಿಲ್ಲುತ್ತಿದ್ದಳು.

ವಿನಾಯಿತಿ ಒಬ್ಬರಿಗೆ ಮಾತ್ರ. ಬಿಜಾಪುರದ ಕಡೆಯ ಒಬ್ಬ ವಯಸ್ಸಾದ ಹೆಂಗಸು, ಗಂಡ ಅಂಬರನಾಥದ ಕಾರ್ಖಾನೆಗೆ ಸೇರಿದಾಗ ಇತ್ತ ಬಂದವರು, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಯಾ. ಮರಾಠಿಯವರು ದೊಡ್ಡಮ್ಮ ಎನ್ನುವ ಅರ್ಥದಲ್ಲಿ ಮಾವಶಿ ಎಂದು ಕರೆದೂ ಕರೆದೂ ಎಲ್ಲರಿಗೂ ಮಾವಶಿಯೇ ಆಗಿದ್ದರು. ದಿನವಿಡೀ ವಾರ್ಡಿನಲ್ಲಿ ನಿಂತೇ ಇರಬೇಕು, ಮೇಲೆ ಮಂಡಿನೋವು. ಕಲ್ಯಾಣದಲ್ಲಿ ಕಿಟಕಿ ಪಕ್ಕ ಕೂತರೆ ಕೊನೆಯ ಸ್ಟೇಷನ್ ತನಕ ಅವರನ್ನು ಯಾರೂ ಏಳಿಸುತ್ತಿರಲಿಲ್ಲ.

ಯಾರು ಯಾರಿಗೆ ಸೀಟು ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂಬುದೇ ನನ್ನ ವಿಷಯ ಎಂದೆ. ವಿಭಾಗದ ಮೇಡಂ ಒಪ್ಪಿದರು, ಒಂದು ಷರತ್ತು ಹಾಕಿದರು.

"ಹೇಳದೆ ನೋಡಿದರೆ ಕದ್ದು ನೋಡಿದ ಹಾಗೆ. ಮೊದಲು ಅವರ ಒಪ್ಪಿಗೆ ಕೇಳು."

ಕೇಳಿದೆ. ಚಿಕ್ಕಮ್ಮನ ಗಾಡಿ ಹತ್ತಿ ವಿಷಯ ಹೇಳಿದಾಗ ಡಬ್ಬಕ್ಕೆ ಡಬ್ಬವೇ ಹಿಗ್ಗಿತು. ಮರುದಿನ ನೋಡುತ್ತೇನೆ, ಹಬ್ಬಕ್ಕೆ ತೆಗೆದಿಟ್ಟ ಸೀರೆಗಳು, ಮುಡಿ ತುಂಬ ಮಲ್ಲಿಗೆ. ದಿನಾ ಮೊಣಕೈಯಲ್ಲಿ ತಿವಿದು ಒಳಗೆ ನುಗ್ಗುವವಳು "ಆಪ್ ಬೈಠೋ, ಆಪ್ ಬೈಠೋ" ಎಂದು ಉಪಚಾರ ಮಾಡುತ್ತಿದ್ದಳು. ಯಾರೂ ಕೂರಲೊಲ್ಲರು! ನನಗೆ ನಗು, ಜೊತೆಗೆ ಅರ್ಜಿ ಹಾಳಾಯಿತಲ್ಲ ಎಂಬ ಸಂಕಟ. ಅಷ್ಟರಲ್ಲಿ ಠಾಣೆ ಬಂತು. ಮಾವಶಿ ಒಂದು ಕೈಯಲ್ಲಿ ಮಂಡಿ ಒತ್ತಿ, ಇನ್ನೊಂದರಲ್ಲಿ ಕಿಟಕಿಯ ಸರಳು ಹಿಡಿದು, ಎದ್ದು ನಿಂತರು.

"ಅಯ್ಯೋ ನೀವು ಯಾಕೆ ಏಳ್ತೀರಿ? ಕೂತ್ಕೊಳ್ಳಿ ಮಾರಾಯ್ರೆ" ಎಂದಳು ಚಿಕ್ಕಮ್ಮ.

"ಇರ‍್ಲಿ ಬಿಡ್ರೀ ಬಾಯಿ. ಹುಡುಗಿ ಪರೀಕ್ಷಾಕ್ಕ ಬರಿಯಾಕತ್ತೈತಿ. ಎಲ್ಲಾರೂ ಎದ್ದಾಗ ನಾ ಒಬ್ಬಾಕಿ ಕುಂತರ ಅದರ ಮಾರ್ಕ್ಸ್ ಹೋಗ್ತಾವು."

ಉಳಿದವರ ಉಪಚಾರ ಎರಡೇ ದಿನಕ್ಕೆ ಮುಗಿಯಿತು, ಮೊಣಕೈಗಳು ಮತ್ತೆ ಕೆಲಸಕ್ಕೆ ಹಾಜರಾದವು. ಮಾವಶಿ ಮಾತ್ರ ದಿನಾ ಎದ್ದರು. ಆ ವಾರ ನಾನು ಠಾಣೆಯಲ್ಲಿ ಇಳಿಯದೆ ದಾದರ್‌ವರೆಗೆ ಹೋಗಿ ವಾಪಸು ಬರುತ್ತಿದ್ದೆ. ದಾದರ್‌ವರೆಗೂ ಅವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿರುವುದನ್ನು ನೋಡಿದೆ, ಬರೆದುಕೊಂಡೆ.

"ಆ ಹೆಂಗಸಿನ ಕಾಲು ನೋಡಿದ್ದೀಯಾ? ಹೇಗೆ ಬಾತಿದೆ! ನಂಗಳ ಮಾತು ಕೇಳುದಿಲ್ಲ. ನೀನು ಹೇಳಿದ್ರೆ ಕೂತ್ಕೊಳ್ತಾರೆ" ಎಂದು ಚಿಕ್ಕಮ್ಮ ಗದರಿದಳು.

ನೋಡುವವರು ನಡುವೆ ಕೈಹಾಕಬಾರದು, ಹಾಗೆಂದು ಪುಸ್ತಕದಲ್ಲಿದೆ ಎಂದೆ. ಪುಸ್ತಕದಲ್ಲಿ ಇದ್ದದ್ದು ನಿಜ. ಆದರೆ ನನ್ನ ಬಾಯಿ ಕಟ್ಟಿದ್ದು ಪುಸ್ತಕವಲ್ಲ. ಮಾವಶಿ ಎದ್ದು ನಿಂತದ್ದೇ ನನ್ನ ಅರ್ಜಿಯ ಅತ್ಯಂತ ಒಳ್ಳೆಯ ಭಾಗ ಎಂದು ಆಗಲೇ ನನಗೆ ಗೊತ್ತಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ವಾರ ಬೆಕ್ಕು ನಾನೇ.

ಶನಿವಾರ ಬರೆಯುವುದನ್ನು ಮುಗಿಸಿದೆ. ಸೋಮವಾರದಿಂದ ನನ್ನ ಎಂದಿನ ತಡದ ಗಾಡಿ ಹಿಡಿದೆ. ಚಿಕ್ಕಮ್ಮ ಮದುವೆಯೊಂದಕ್ಕೆಂದು ರಜೆ ಹಾಕಿ ಕುಂದಾಪುರಕ್ಕೆ ಹೋದಳು.

ಸಂದರ್ಶನದಲ್ಲಿ ಮೇಡಂ ಜೊತೆ ಹೊರಗಿನಿಂದ ಬಂದ ಒಬ್ಬ ಪ್ರೊಫೆಸರರೂ ಇದ್ದರು. ಅವರು ನೇರವಾಗಿ ಕೇಳಿದರು: "ಹೇಳಿ ನೋಡಿದರೆ ಜನ ಬೇರೆ ಥರ ನಡೆದುಕೊಳ್ಳುವುದಿಲ್ಲವೇ?"

ನಾನು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಮಲ್ಲಿಗೆ, ಸೀರೆ, ಉಪಚಾರ ಎಲ್ಲ ವರ್ಣಿಸಿದೆ. ಆಮೇಲೆ ಕುರ್ಚಿಯಿಂದ ಎದ್ದು, ಒಂದು ಕೈಯಲ್ಲಿ ಮಂಡಿ ಒತ್ತಿ, ಇನ್ನೊಂದನ್ನು ಗಾಳಿಯಲ್ಲಿ ಸರಳು ಹಿಡಿದಂತೆ ಚಾಚಿ, ಮಾವಶಿ ಹೇಗೆ ಎದ್ದರು ಎಂದು ಮಾಡಿ ತೋರಿಸಿದೆ. ಅವರು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಮೇಡಂ, "ಪಾಪ, ಅವರು ಈಗ ಕೂರುತ್ತಾರೆ ತಾನೇ?" ಎಂದರು.

"ಹೌದು ಮೇಡಂ" ಎಂದೆ. ನನಗೆ ಗೊತ್ತಿರಲಿಲ್ಲ. ಕೇಳುವ ಯೋಚನೆಯೂ ಬಂದಿರಲಿಲ್ಲ.

ಕೆಲವು ದಿನಗಳಲ್ಲಿ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬಂತು. ಅಪ್ಪ ಖುಷಿಯಲ್ಲಿ ಪೇಡೆ ತಂದರು. "ನಿಂಗೆ ಸಹಾಯ ಮಾಡಿದವ್ರಿಗೆ ಮೊದ್ಲು ಕೊಡು" ಎಂದಳು ಅಮ್ಮ. ಮರುದಿನ ಪೇಡೆಯ ಡಬ್ಬಿ ಹಿಡಿದು ಚಿಕ್ಕಮ್ಮನ ಗಾಡಿ ಹತ್ತಿದೆ. ಚಿಕ್ಕಮ್ಮ ಇನ್ನೂ ಊರಿನಿಂದ ಬಂದಿರಲಿಲ್ಲ. ಬಾಗಿಲ ಬಳಿ ಸಿಕ್ಕಿಬಿದ್ದು, ಒಬ್ಬೊಬ್ಬರನ್ನೇ ದಾಟಿ, ಠಾಣೆ ಬರುವ ಹೊತ್ತಿಗೆ ಕಿಟಕಿಯ ಹತ್ತಿರ ತಲುಪಿದೆ.

ಮಾವಶಿ ಎದ್ದು ನಿಂತಿದ್ದರು.

ಪಾದಗಳು ಚಪ್ಪಲಿಯ ಪಟ್ಟಿಯಲ್ಲಿ ಹಿಡಿಸದೆ ಹಿಮ್ಮಡಿಗಳು ಹೊರಗೆ ಬಂದಿದ್ದವು. ಅವರ ಜಾಗದಲ್ಲಿ ಕೂತಿದ್ದವಳು ಕಣ್ಣು ಮುಚ್ಚಿಕೊಂಡಿದ್ದಳು. ಇಷ್ಟು ದಿನವಾದ ಮೇಲೆ ಮಾವಶಿ ಏಳುವುದೂ ಒಂದು ಕಟ್ಟಳೆಯಾಗಿ ಹೋಗಿತ್ತು. ಆಟ ಮುಗಿಯಿತು ಎಂದು ಅವರಿಗೆ ಹೇಳಬೇಕಾದವಳು ನಾನೊಬ್ಬಳೇ, ಹೇಳಿರಲಿಲ್ಲ. ನನಗೆ ಜಾಗ ಸಿಕ್ಕಿದ ದಿನವೂ ಅವರು ನಿಂತೇ ಇದ್ದರು. ಸಂದರ್ಶನದಲ್ಲಿ ನಾನು ಎದ್ದು ಅವರಂತೆ ನಟಿಸಿ ತೋರಿಸುವಾಗಲೂ ನಿಂತೇ ಇದ್ದಿರಬೇಕು. ಪೇಡೆಯ ಡಬ್ಬಿಯನ್ನು ಹಿಂದೆ ಅಡಗಿಸಿಕೊಳ್ಳೋಣ ಅನಿಸಿತು.

ಅವರು ನೋಡಿಬಿಟ್ಟರು. ಮುಖ ಅರಳಿತು.

"ಬಂದೇನವ್ವಾ? ಪೇಡೆ ತಂದೀ ಅಂದ್ರ ಪಾಸಾದೀ?"

"ಆದೆ ಮಾವಶಿ."

"ಚಲೋ ಆತು, ನನ್ನವ್ವ." ಎರಡು ಕೈಯಿಂದ ನನ್ನ ಕೆನ್ನೆ ಸವರಿ ಬೆರಳ ಲಟಿಕೆ ಮುರಿದು ದೃಷ್ಟಿ ತೆಗೆದರು. ಅದಕ್ಕೆಂದು ಬಿಟ್ಟ ಸರಳನ್ನು ಮತ್ತೆ ಹಿಡಿದುಕೊಂಡು, ಸೀಟಿನ ಕಡೆ ಒಮ್ಮೆ ನೋಡಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದರು:

"ಹಂಗಾದ್ರ ಈಗ ನಾ ಕುಂತರ ನಡೀತೈತೇನವ್ವಾ?"