ಹೊಲ ಗುಡಿಸಿದ ದಿನ

ತೆಲಂಗಾಣ ಬೇಕೆಂದು ಎಲ್ಲರೂ ಕೆಲಸ ಬಿಟ್ಟು ಕೂತಿದ್ದ ದಿನಗಳವು. ನಮ್ಮ ಮನೆಯಲ್ಲಿ ಎರಡು ಮುಷ್ಕರ ಒಟ್ಟಿಗೆ ನಡೆದಿದ್ದವು. ಅಪ್ಪ ಜಹೀರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಶಾಮಿಯಾನದ ಕೆಳಗೆ ಕೂರುತ್ತಿದ್ದರು, ಆಫೀಸಿಗೆ ಎಂದೂ ಹೋಗದಷ್ಟು ಸರಿಯಾದ ಹೊತ್ತಿಗೆ. ಶಾಲೆಯೂ ಮುಚ್ಚಿದ್ದರಿಂದ ನಾನು ಮನೆಯಲ್ಲೇ ಹಾಸಿಗೆಯ ಮೇಲಿದ್ದು ರಾಜ್ಯಕ್ಕಾಗಿ ತ್ಯಾಗ ಮಾಡುತ್ತಿದ್ದೆ. ಹತ್ತು ದಿನ ನೋಡಿದ ಅವ್ವ, "ಒಂದೇ ಮನ್ಯಾಗ ಇಬ್ರು ಹೋರಾಟಗಾರರಿಗಿ ರೊಟ್ಟಿ ಬಡೀಲಾಕ ನನ್ ಕೈಲಿ ಆಗಂಗಿಲ್ಲ" ಎಂದು ನಾಗಲಗಿದ್ದದ ಹತ್ತಿರದ ತನ್ನ ತಮ್ಮನ ಊರಿಗೆ ನನ್ನನ್ನು ಸಾಗಹಾಕಿದಳು. ಬಸ್ಸಿಲ್ಲ. ಹಾಲಿನ ಟೆಂಪೊದಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತು ಹೋದೆ. ಇಳಿದಾಗ ನಾಲ್ಕು ಬೆಕ್ಕು ನನ್ನ ಹಿಂದೆ ಬಂದವು.

ನನ್ನ ಚೀಲದಲ್ಲಿ ಎರಡು ಅಂಗಿ, ಒಂದು ಜೀವಶಾಸ್ತ್ರದ ನೋಟ್‌ಬುಕ್ಕು. ಅದರಲ್ಲಿ ನಾನು ಬಿಡಿಸಿದ ಸಾರಜನಕ ಚಕ್ರವಿತ್ತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ದನಕ್ಕೆ, ದನದಿಂದ ಸಗಣಿಗೆ, ಸಗಣಿಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಗಾಳಿಗೆ, ಐದು ಬಣ್ಣದ ಬಾಣಗಳು. ದನ ಸ್ವಲ್ಪ ನಾಯಿಯಂತೆ ಬಂದಿತ್ತು, ಆದರೂ ಬಾಣಗಳು ಸರಿಯಿವೆಯೆಂದು ಪೂರ್ತಿ ಅಂಕ ಕೊಟ್ಟಿದ್ದರು. ಟೆಂಪೊ ಡ್ರೈವರಿಗೂ ಅದನ್ನು ತೋರಿಸಿದ್ದೆ. ಅವನು ಕೇಳಿರಲಿಲ್ಲ.

ಮಾಮನಿಗೆ ಎಂಬತ್ತು ಕುರಿ. ಮುಷ್ಕರದಿಂದ ಲಾರಿಗಳು ನಿಂತು ಯೂರಿಯಾ ಸಿಗುತ್ತಿರಲಿಲ್ಲ. ಹಿಂಗಾರಿ ಜೋಳ ಬಿತ್ತುವ ಹೊತ್ತು ಬಂದಿತ್ತು. ಹೀಗಾಗಿ ಅದುವರೆಗೆ ಯಾರೂ ಚಹಾಕ್ಕೆ ಕರೆಯದ ಮಾಮ ಊರಿಗೆಲ್ಲ ಬೇಕಾದ ಮನುಷ್ಯನಾಗಿದ್ದ. ನಮ್ಮ ಕಡೆ ಇದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಹಗಲೆಲ್ಲ ಗುಡ್ಡ, ಹಳ್ಳದ ದಂಡೆ, ಯಾರ್ಯಾರದೋ ಬದುಗಳಲ್ಲಿ ಮೇಯ್ದ ಕುರಿಗಳನ್ನು ರಾತ್ರಿ ಒಬ್ಬರ ಹೊಲದಲ್ಲಿ ಬಲೆ ಕಟ್ಟಿ ನಿಲ್ಲಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಹಿಕ್ಕಿ, ಉಚ್ಚೆ ಎರಡೂ ಆ ನೆಲಕ್ಕೆ ಬಿದ್ದಿರುತ್ತವೆ. ಊರ ಹುಲ್ಲೆಲ್ಲ ಕಾಲು ಬಂದು ಒಂದೇ ಹೊಲಕ್ಕೆ ನಡೆದುಕೊಂಡು ಹೋದಂತೆ.

ಆ ವಾರದ ಪಾಳಿ ಊರ ಅಂಗನವಾಡಿ ಟೀಚರಮ್ಮನದು. ಅವರಿಗೆ ಎರಡೆಕರೆ ಹೊಲ, ಸಿಕ್ಕಿದ್ದು ಎರಡೇ ರಾತ್ರಿ. ಆಮೇಲೆ ಎರಡು ರಾತ್ರಿ ಬದುವಿನಾಚೆಯ ಹೊಲಕ್ಕೆ; ಅದು ಬಸ್ ಕಂಡಕ್ಟರಾಗಿ ನಿವೃತ್ತರಾದ ಒಬ್ಬ ಕಾಕಾನದು. ಅಲ್ಲಿಂದ ಕುರಿಗಳು ಸಿರ್ಗಾಪುರಕ್ಕೆ ಹೋಗಬೇಕು, ಮಾಮ ಮಾತು ಕೊಟ್ಟಾಗಿತ್ತು. ಟೀಚರಮ್ಮನ ಹೊಲಕ್ಕೆ ಬಿತ್ತುವ ಕೂರಿಗೆ ಬರುವ ದಿನವೂ ಗೊತ್ತಾಗಿತ್ತು. ಆ ಎರಡು ರಾತ್ರಿ ಬಿಟ್ಟರೆ ಅವರ ನೆಲಕ್ಕೆ ಆ ವರ್ಷ ಬೇರೆ ಗೊಬ್ಬರವಿರಲಿಲ್ಲ.

ಮೊದಲ ರಾತ್ರಿ ಕಳೆದ ಮೇಲೆ ಮಾಮ ಬಲೆ ಸುತ್ತಿಟ್ಟು ಕುರಿ ಹೊಡೆದುಕೊಂಡು ಹೊರಟ. "ಸುಮ್ನ ಕೂಡಬ್ಯಾಡ ಅಳಿಯಾ, ಹೊಲದ ಕಡಿ ಒಂದ್ ಕಣ್ಣಿಡು" ಎಂದ.

ಕಣ್ಣಿಟ್ಟೆ. ನೆಲದ ತುಂಬ ಹಿಕ್ಕಿ. ನಮ್ಮ ಕ್ವಾರ್ಟರ್ಸಿನಲ್ಲಿ ಅಂಗಳಕ್ಕೆ ಒಂದು ಎಲೆ ಬಿದ್ದರೂ ಅವ್ವ ಗುಡಿಸುತ್ತಾಳೆ. ಇದರ ಜೊತೆ ನನಗೆ ವಿಜ್ಞಾನವೂ ಗೊತ್ತಿತ್ತು. ಹಿಕ್ಕಿಯನ್ನು ಕೊಳೆಸಿ ಗಿಡಕ್ಕೆ ಊಟ ಮಾಡಿಕೊಡುವವು ಸೂಕ್ಷ್ಮಜೀವಿಗಳು. ಕಣ್ಣಿಗೆ ಕಾಣದಷ್ಟು ಚಿಕ್ಕವು, ಪಾಪ, ಇಷ್ಟು ದೊಡ್ಡ ಹೊಲದಲ್ಲಿ ಒಂದೊಂದು ಹಿಕ್ಕಿ ಹುಡುಕಿಕೊಂಡು ಎಷ್ಟು ತಿರುಗಬೇಕು. ಒಂದೇ ಕಡೆ ರಾಶಿ ಹಾಕಿಕೊಟ್ಟರೆ ಮಧ್ಯಾಹ್ನದೊಳಗೆ ಕೆಲಸ ಮುಗಿಸಿಯಾವು. ತೊಗರಿ ಕಡ್ಡಿಯ ಬಾರಿಗೆ ತಂದು ಗುಡಿಸಲು ಶುರು ಮಾಡಿದೆ. ಕುರಿಗಳ ಹಿಂದೆ ಹೋಗಬೇಕಿದ್ದ ಬೆಳ್ಳಕ್ಕಿಗಳು, ಎದ್ದ ಹುಳ ಹೆಕ್ಕುತ್ತ ನನ್ನ ಹಿಂದೆಯೇ ಬಂದವು. ಅವಕ್ಕೆ ಲಾಭ, ನನಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ; ಈ ಸಂಬಂಧಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಹೆಸರಿದೆ. ನನ್ನನ್ನು ಕುರಿಯೆಂದು ಮೊದಲು ಒಪ್ಪಿಕೊಂಡವು ಅವೇ. ಮೂರು ತಾಸಿಗೆ ಬೇವಿನ ಮರದ ಕೆಳಗೆ ಮೊಣಕಾಲೆತ್ತರದ ಗುಡ್ಡೆ ನಿಂತಿತು. ಎದೆಯೆತ್ತರ ಎಂದೇ ನಾನು ಎಲ್ಲರಿಗೂ ಹೇಳುವುದು.

ಮಕ್ಕಳಿಗೆ ಊಟ ಹಾಕಿ ಮುಗಿಸಿ ಟೀಚರಮ್ಮ ಬಂದರು.

"ಹಿಕ್ಕಿ ಎಲ್ಲಿ ಹೋತು?"

"ಗುಡಿಸೀನ್ರಿ. ಹ್ಯಾಂಗ್ ಸ್ವಚ್ಛ ಆಗ್ಯಾದ ನೋಡ್ರಿ."

ಅವರು ಹೊಲ ಬಿಟ್ಟು ನನ್ನ ಕಡೆ ತಿರುಗಿದರು. "ಎಷ್ಟನೇ ಕ್ಲಾಸಪ್ಪ ನೀ?"

"ಹತ್ತನೇದ್ರಿ. ಜೀವಶಾಸ್ತ್ರದಾಗ ಫಸ್ಟ್."

"ಹೌದು, ಕಾಣ್ಲಾಕತ್ತದ."

ನಾನು ನೋಟ್‌ಬುಕ್ ತೆರೆದು ಕೊಟ್ಟೆ. ಅವರು ಕಂದು ಬಣ್ಣದ ಬಾಣದ ಮೇಲೆ ಬೆರಳಿಟ್ಟರು. "ಇದು ಎಲ್ಲಿಗಿ ಹೋಗ್ಯಾದ?"

"ಮಣ್ಣಿಗ್ರಿ."

"ಯಾರ ಮಣ್ಣಿಗಿ?"

ಸಿಲೆಬಸ್‌ನಲ್ಲಿ ಅದಿರಲಿಲ್ಲ. ಬೇವಿನ ಮರವಿದ್ದದ್ದು ಬದುವಿನಾಚೆ. ಅಷ್ಟರಲ್ಲಿ ಆ ಮರದ ಒಡೆಯ, ಕಂಡಕ್ಟರ್ ಕಾಕಾ, ಮಧ್ಯಾಹ್ನವಾದರೂ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತ ಬಂದು ಗುಡ್ಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಹಳ ಸಂತೋಷಪಟ್ಟರು.

"ಹತ್ತಿದ್ದು ಎಲ್ಲರೆ ಇರಲಿ ತಾಯಿ, ಇಳಿದದ್ದು ನನ್ನ ಸ್ಟಾಪಿನಾಗ."

ಟೀಚರಮ್ಮ ಜಗಳ ಮಾಡಲಿಲ್ಲ. ಮಾಮನಿಗೆ ಫೋನ್ ಹಚ್ಚಿದರು. ಕುರಿಗಳನ್ನು ನಾಯಿಗೆ ಒಪ್ಪಿಸಿ ಮಾಮ ಬಂದ. ಹೊಲ ನೋಡಿದ, ಗುಡ್ಡೆ ನೋಡಿದ, ಕೊನೆಗೆ ನನ್ನನ್ನು ನೋಡಿದ. ಜಹೀರಾಬಾದಿನಿಂದ ಇವನನ್ನು ಕಳಿಸಿದ್ದು ಸರ್ಕಾರವೋ ಹೋರಾಟಗಾರರೋ ಎಂದು ಯೋಚಿಸುವ ಮುಖ. ಆದರೆ ಅವನೂ ಸಣ್ಣ ಆಳಲ್ಲ.

"ಅಡ್ಡಿಯಿಲ್ಲ ಕಾಕಾ," ಎಂದ, "ಗುಡ್ಡಿ ನಿಮ್ದೇ. ನಿಮ್ಮ ಎರಡು ರಾತ್ರ್ಯಾಗ ಒಂದು ಮುಗೀತು. ಆ ರಾತ್ರಿ ಕುರಿ ಇವ್ರ ಹೊಲದಾಗ ತರಬ್ತೀನಿ."

ಕಾಕಾನ ಕೈಯಲ್ಲಿದ್ದ ಬೇವಿನ ಕಡ್ಡಿ ನಿಂತಿತು. "ಹ್ಯಾಂಗ್ ಮುಗೀತದ? ಇದು ಬರೇ ಹಿಕ್ಕಿ. ಉಚ್ಚಿ ಎಲ್ಲದ? ಗೊರಸಿನ ತುಳತ ಎಲ್ಲದ? ಅದೆಲ್ಲ ಇವ್ರ ನೆಲದಾಗ ಇಂಗ್ಯಾದ. ಉಚ್ಚಿ ಇಲ್ದ ರಾತ್ರಿ ಒಂದು ರಾತ್ರಿ ಏನಪಾ?"

"ಕರೆಕ್ಟ್ ಅದ," ಎಂದು ನಾನು ನಡುವೆ ಬಾಯಿ ಹಾಕಿದೆ. "ಉಚ್ಚ್ಯಾಗ ಯೂರಿಯಾನೇ ಇರ್ತದ. ಅದು ಗುಡಿಸ್ಲಾಕ ಬರಂಗಿಲ್ಲ."

"ನೀ ಪ್ರಯತ್ನ ಮಾಡಿದಿ ಅಂತ ಕಾಣ್ತದ," ಎಂದ ಮಾಮ.

ಟೀಚರಮ್ಮ ಮಾತ್ರ ಕಾಕಾನ ಮಾತನ್ನೇ ಹಿಡಿದಿದ್ದರು. "ಅಂದ್ರ ಆ ರಾತ್ರಿ ನನ್ನ ಹೊಲದಾಗ ಆಗ್ಯಾದಂತ ನೀವೇ ಒಪ್ಪಿದ್ರಿ. ಅರ್ಧ ನೆಲದಾಗ ಇಂಗ್ಯಾದ, ಅರ್ಧ ನಡಕೋತ ನಿಮ್ಮ ಗಿಡದ ಬುಡಕ ಬಂದದ. ಗುಡ್ಡಿ ಇಟ್ಕೊಂಡ್ರ ಒಂದು ರಾತ್ರಿ ಲೆಕ್ಕ. ರಾತ್ರಿ ಬೇಕಂದ್ರ ಗುಡ್ಡಿ ವಾಪಸ್. ನೀವೇ ಹೇಳ್ರಿ."

ಕಾಕಾ ಗುಡ್ಡೆಯನ್ನು ಇನ್ನೊಮ್ಮೆ ಸುತ್ತಿದರು. ಈ ಸಲ ಸಂತೋಷವಿರಲಿಲ್ಲ. "ಒಯ್ರಿ," ಎಂದರು, "ಖರೆ ಒಯ್ಯಾವ ಇವ ಒಬ್ನೇ ಆಗಬೇಕು."

ಒಯ್ಯುವವನು ನಾನು. ಮೂವರಿಗೂ ಇದೊಂದರಲ್ಲಿ ಒಮ್ಮತವಿತ್ತು. ನಾಲ್ಕನೆಯ ಬುಟ್ಟಿ ತುಂಬುವಾಗ ರಾಶಿಯ ಅಡಿಯಲ್ಲಿ ಕರಿ ಹುಳಗಳು ಕಂಡವು. ಕೆಲವು ನೆಲ ಕೊರೆದು ಒಳಗೆ ಎಳೆಯುತ್ತಿದ್ದವು, ಕೆಲವು ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸುತ್ತಿದ್ದವು. ಯಾರೂ ಅವಕ್ಕೆ ಕೆಲಸ ಹೇಳಿರಲಿಲ್ಲ, ಬಾರಿಗೆಯನ್ನೂ ಕೊಟ್ಟಿರಲಿಲ್ಲ.

"ಅಡೀಂದು ಬಿಡು," ಎಂದರು ಟೀಚರಮ್ಮ. "ಅವು ಹೂಳಿದ್ದು ಕಾಕಾನ ಪಾಲು. ಗಿಡದ ಬಾಡಿಗಿ ಅಂತ ತಿಳಕೊ."

ಕಾಕಾ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಬದುವಿನ ಕಡೆ ಉಂಡೆ ಹೊರಳಿಸುತ್ತಿದ್ದ ಒಂದೆರಡು ಹುಳಗಳನ್ನು ಕಡ್ಡಿಯಿಂದ ತಮ್ಮ ಹೊಲದ ಕಡೆ ತಿರುಗಿಸಿದರು.

ನಾನು ಇಪ್ಪತ್ತು ಬುಟ್ಟಿಯವರೆಗೆ ಹೆಜ್ಜೆಗೊಂದು ಹಿಡಿಯಂತೆ ಎರಚಿದೆ. ಆಮೇಲೆ ತೋಳು ಮುಷ್ಕರ ಹೂಡಿದವು. ಉಳಿದ ಬುಟ್ಟಿಗಳನ್ನು ಹತ್ತಿರದ ಮೂಲೆಯಲ್ಲೇ ಸುರಿದು, ಕಾಲಿನಿಂದ ಅತ್ತಿತ್ತ ಸರಿಸಿ, ಎಲ್ಲ ಕಡೆ ಹರಡಿದೆನೆಂದು ಹೇಳಿದೆ. ಆ ರಾತ್ರಿ ಕುರಿಗಳು ಮತ್ತೆ ಟೀಚರಮ್ಮನ ಹೊಲದಲ್ಲೇ ನಿಂತವು. ಮರುದಿನ ಬಾರಿಗೆ ಅಟ್ಟ ಸೇರಿತ್ತು, ನನ್ನನ್ನು ಕುರಿಗಳ ಜೊತೆ ಮೇಯಲು ಕಳಿಸಿದರು. ಹೇಳಿದ ದಿನಕ್ಕೆ ಕೂರಿಗೆ ಬಂತು, ಬಿತ್ತನೆ ಆಯಿತು.

ಮುಷ್ಕರ ಮುಗಿದು, ಶಾಲೆ ತೆರೆದು, ರಜೆಗೆ ಮತ್ತೆ ಹೋದಾಗ ಜೋಳ ಮೊಣಕಾಲು ದಾಟಿತ್ತು. ಎರಡೆಕರೆ ಒಂದೇ ಸಮನೆ ಹಸಿರು, ಒಂದು ಮೂಲೆ ಮಾತ್ರ ಕಡುಹಸಿರು, ಉಳಿದದ್ದಕ್ಕಿಂತ ಒಂದು ಗೇಣು ಎತ್ತರ, ಊರ ರಸ್ತೆಯಿಂದಲೇ ಕಾಣುತ್ತಿತ್ತು. ಅದು ನನ್ನ ವೈಜ್ಞಾನಿಕ ಪ್ರಯೋಗವೆಂದು ಹೇಳಲು ಬಾಯಿ ತೆರೆದೆ. ಟೀಚರಮ್ಮ ಅಲ್ಲಿಗೆ ಬೆರಳು ತೋರಿಸಿದರು.

"ನಿನ್ನ ರಟ್ಟಿ ಸೋತದ್ದು ಅಲ್ಲಿ," ಎಂದರು. "ಊರೆಲ್ಲ ನೋಡ್ಯಾದ."